ನಾವೀಗ ಬ್ರೇಕ್ ಒತ್ತೋಣವಾ

ಜೂನ್ 3, ಮಂಗಳವಾರ

ಡಾಕ್ಟರ್ ಹೇಳಿದರೆಂದು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ನನಗೆ ಈ ಚಟವಿಲ್ಲ. ರಕ್ತದೊತ್ತಡ ಏರಿದೆಯಂತೆ. "ಸಿಟ್ಟು ಬಂದಾಗ ಬಾಯಿ ಬಿಡ್ಬೇಡಿ, ಆಯ್ತಾ? ಮನೆಗೆ ಹೋಗಿ ಬರೆದು ಹಗುರ ಮಾಡ್ಕೊಳ್ಳಿ, ಆಯ್ತಾ? ಉಪ್ಪು ಕಮ್ಮಿ, ಆಯ್ತಾ?" ಪ್ರತಿ ಮಾತಿನ ಬಾಲಕ್ಕೂ ಒಂದು ಆಯ್ತಾ. ಅಷ್ಟು ಹೊತ್ತಿಗೆ ತೋಳಿನ ಪಟ್ಟಿ ಬಿಚ್ಚಿದ್ದರು, ಹಾಗಾಗಿ ಒತ್ತಡ ಇನ್ನೆಷ್ಟು ಏರಿತೋ ಅವರಿಗೆ ಗೊತ್ತಾಗಲಿಲ್ಲ.

ಬೆಳಿಗ್ಗೆ ನಮ್ಮ ಡ್ರೈವಿಂಗ್ ಸ್ಕೂಲಿನ ಮಾಲೀಕರು ಕರೆದು ಕೂರಿಸಿಕೊಂಡಿದ್ದರು. "ನನ್ನ ಪ್ರಕಾರ ನೀವು ಗಾಡಿ ಕಲಿಸ್ತಿದ್ದೀರೋ ಭಾಷೆ ಕಲಿಸ್ತಿದ್ದೀರೋ ತಿಳೀತಿಲ್ಲ. ಆ ಹೆಂಗಸು ರಿವರ್ಸ್ ತಗೊಳ್ತಿದ್ದಾಗ 'ಅಯ್ಯೋ ದೇವರೇ' ಅನ್ನೋದು ನಿಲ್ಸಿ ಅಂತ ಗದರಿದ್ರಂತೆ. ಅವ್ರು ಅಳ್ತಾ ಮನೆಗೆ ಹೋಗಿದಾರೆ. ಇನ್ನೊಂದು ದೂರು ಬಂದ್ರೆ, ನನ್ನ ಪ್ರಕಾರ, ಬೇರೆ ಮೇಷ್ಟ್ರನ್ನ ನೋಡ್ಕೋಬೇಕಾಗತ್ತೆ."

ಅವರ ಪ್ರಕಾರವಲ್ಲದೆ ಇನ್ನಾರ ಪ್ರಕಾರ ಹೇಳುತ್ತಾರೆ? ಕೇಳಲಿಲ್ಲ. ಎದ್ದು ಬಂದೆ.

ಸರಿ, ಬರೆದು ಹಗುರ ಮಾಡಿಕೊಳ್ಳುತ್ತೇನೆ. ಏಳು ಗಂಟೆಯ ತರಗತಿಗೆ ಬರುವವನಿಗೆ ನಾನಿಟ್ಟ ಹೆಸರು ಬೇಸಿಕಲಿ. "ಬೇಸಿಕಲಿ ನಾನು ಕ್ಲಚ್ ಬಿಟ್ಟೆ ಸಾರ್, ಬೇಸಿಕಲಿ ಆಫ್ ಆಯ್ತು." ಎಂಟು ಗಂಟೆಯವಳು ಅಯ್ಯೋದೇವರೇ, ಇನ್ನು ಬರುವುದಿಲ್ಲ. ಒಂಬತ್ತಕ್ಕೆ ಬರುವ ನಿವೃತ್ತ ಗುಮಾಸ್ತರು ಒಂದ್ನಿಮಿಷ. ಎದುರಿಗೆ ಲಾರಿ ಬರುತ್ತಿದ್ದರೂ ಲಾರಿಗೆ ಒಂದ್ನಿಮಿಷ ಎನ್ನುತ್ತಾರೆ. ಹೊರಗೆ ನನ್ನನ್ನು ವ್ಯಾಕರಣದ ಮೇಷ್ಟ್ರು ಎಂದು ಕರೆಯುತ್ತಾರಂತೆ. ಕರೆಯಲಿ. ಮಾತು ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕಾಡುವುದು ನನಗೆ, ಅವರಿಗಲ್ಲ.

ಜೂನ್ 5, ಗುರುವಾರ

ಎಂಟು ಗಂಟೆಗೆ ಹೊಸಬರು. ದೊಡ್ಡಾಸ್ಪತ್ರೆಯಲ್ಲಿ ನರ್ಸ್. ನಲವತ್ತು ದಾಟಿರಬೇಕು. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರು, ಕೈಯಿಂದ ಡೆಟಾಲ್ ವಾಸನೆ. ಸೀಟು ಮುಂದೆ ಎಳೆದುಕೊಂಡರು, ಕನ್ನಡಿ ಸರಿಮಾಡಿಕೊಂಡರು, ಸ್ಟೀರಿಂಗ್ ಮೇಲೆ ಅಂಗೈಯಿಟ್ಟು ಅಂದರು: "ಈಗ ನಾವು ನಿಧಾನಕ್ಕೆ ಗಾಡಿ ಸ್ಟಾರ್ಟ್ ಮಾಡೋಣವಾ?"

ನನ್ನನ್ನು ಕೇಳಿದರೆಂದುಕೊಂಡು ಹೂಂ ಎಂದೆ. ಆಮೇಲೆ ತಿಳಿಯಿತು, ಯಾರನ್ನೂ ಕೇಳಿದ್ದಲ್ಲ. "ನಾವೀಗ ಕ್ಲಚ್ ಒತ್ತೋಣ. ಗೇರ್ ಹಾಕೋಣ. ಹಾಂ, ಜಾಣ. ಸ್ವಲ್ಪ ನೋವಾಗತ್ತೆ ಅಷ್ಟೇ." ಇದು ಗೇರಿಗೆ! ಒಂದು ಗಂಟೆ ಪೂರ್ತಿ ನಾವು, ನಾವು, ನಾವು. ಆಸ್ಪತ್ರೆಯವರ ಈ ನಾವು ನನಗೆ ಆಗಿಬರುವುದಿಲ್ಲ. ಔಷಧಿ ನುಂಗುವವನು ಒಬ್ಬ, ಸೂಜಿ ಚುಚ್ಚಿಸಿಕೊಳ್ಳುವವನು ಒಬ್ಬ, ನಾವು ಎಂದರೆ ಯಾರು?

ತಡೆದುಕೊಳ್ಳಲಾಗದೆ ಕೇಳಿಯೇಬಿಟ್ಟೆ. "ನಾವು ಅಂದ್ರೆ ಯಾರ್ಯಾರು ಸಿಸ್ಟರ್?"

ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ನಾನು, ನೀವು, ಗಾಡಿ."

ದೂರು ಕೊಡುವ ಜಾತಿಯಲ್ಲ ಎನಿಸುತ್ತದೆ. ಆದರೂ ನಾಳೆಯಿಂದ ಬಾಯಿ ಹೊಲಿದುಕೊಳ್ಳಬೇಕು.

ಜೂನ್ 9, ಸೋಮವಾರ

ಅಕ್ಕ ಬಂದಿದ್ದಳು, ಎರಡು ಬೀದಿ ಆಚೆಯಿಂದ, ಡಬ್ಬಿ ತುಂಬ ಪಲ್ಯ ಹಿಡಿದುಕೊಂಡು. ನನ್ನ ಅಡುಗೆಮನೆಯ ಕಪಾಟು ತೆರೆದು ನೋಡಿ ಎಂದಿನಂತೆ ನಿಟ್ಟುಸಿರು ಬಿಟ್ಟಳು. ಒಂದು ತಟ್ಟೆ, ಒಂದು ಲೋಟ ಹೊರಗಿರುತ್ತವೆ, ಉಳಿದವು ಕಾಗದ ಸುತ್ತಿಕೊಂಡು ಮೇಲೆ ಕೂತಿವೆ.

"ಹೆಣ್ಣು ತೋರಿಸೋಕೆ ಕರ್ಕೊಂಡು ಹೋದಾಗ ಏನಂದೆ ನೀನು, ನೆನಪಿದೆಯಾ? ಆ ಹುಡುಗಿ ಮಾತೆತ್ತಿದ್ರೆ 'ಆ ಥರ, ಆ ಥರ' ಅಂತಾಳೆ, ಜೀವನ ಪೂರ್ತಿ ಕೇಳೋಕಾಗಲ್ಲ ಅಂದೆ. ಇನ್ನೊಬ್ಬಳು ಹೌದೌದು ಅಂತ ಎರಡು ಸಲ ಅಂದ್ಲು ಅಂತ ಬೇಡ. ಈಗ ಕೇಳು, ಗೋಡೆ ಏನೂ ಅನ್ನಲ್ಲ."

ನಾನು ಹೊಸ ನರ್ಸ್ ವಿಷಯ ಹೇಳಿದೆ, ಅವರ ನಾವು ನಾವು ಅಣಕಿಸಿ ತೋರಿಸಿದೆ. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನನ್ನ ಮುಖವನ್ನೇ ನೋಡಿದಳು. ಏನು ಎಂದರೆ ಏನಿಲ್ಲ ಎಂದಳು. ಈ 'ಏನಿಲ್ಲ'ವೂ ನನಗೆ ಆಗದು.

ಜೂನ್ 12, ಗುರುವಾರ

ಸಿಸ್ಟರ್ ಕೈ ಒಳ್ಳೆಯದು. ಸ್ಟೀರಿಂಗನ್ನು ಹಿಂಡುವುದಿಲ್ಲ. ಬ್ರೇಕ್ ಅಂತೂ ಇನ್ನೂ ಮೃದು. ಹೊಸಬರು ದಬಕ್ಕನೆ ತುಳಿದು ಹಣೆ ಗಾಜಿಗೆ ಬಡಿಸುತ್ತಾರೆ, ಇವರದು ಮುಟ್ಟಿದರೆ ಸಾಕು, ಗಾಡಿ ತೊಟ್ಟಿಲ ಹಾಗೆ ನಿಲ್ಲುತ್ತದೆ. ಹೊಗಳಿದೆ. ನನ್ನ ಬಾಯಿಂದ ಹೊಗಳಿಕೆ ಬಂದದ್ದಕ್ಕೆ ನನಗೇ ಆಶ್ಚರ್ಯ.

ಸಿಗ್ನಲ್ಲಿನಲ್ಲಿ ಕಾಯುವಾಗ ಅವರೇ ಆ 'ನಾವು' ಮಾತು ತೆಗೆದರು. "ನಿಮಗೆ ಕಿರಿಕಿರಿ ಆಗತ್ತೆ ಅಂತ ಗೊತ್ತು ಸಾರ್, ಮುಖ ಹಾಗೆ ಗಂಟಿಕ್ಕೊಳ್ಳತ್ತೆ. ಏನ್ಮಾಡ್ಲಿ? ಆಪರೇಷನ್ ಆದವರಿಗೆ 'ನೀವು ಎದ್ದೇಳಿ' ಅಂದ್ರೆ ಹೆದರ್ಕೋತಾರೆ. 'ನಾವೀಗ ಎದ್ದೇಳೋಣ' ಅಂದ್ರೆ ಅರ್ಧ ಭಾರ ನನ್ನ ಮೇಲಿದೆ ಅನ್ಸತ್ತೆ ಅವ್ರಿಗೆ. ಏಳ್ತಾರೆ."

"ನಿಜವಾಗ್ಲೂ ಅರ್ಧ ಭಾರ ತಗೋತೀರಾ?"

"ಅರ್ಧಕ್ಕಿಂತ ಜಾಸ್ತೀನೇ," ಎಂದು ಸೊಂಟ ಮುಟ್ಟಿಕೊಂಡು ನಕ್ಕರು. ಹಿಂದಿನವನು ಹಾರ್ನ್ ಹೊಡೆದ. ಸಿಗ್ನಲ್ ಹಸಿರಾಗಿದ್ದನ್ನು ನಾನೂ ನೋಡಿರಲಿಲ್ಲ.

ಜೂನ್ 17, ಮಂಗಳವಾರ

ಸಿಸ್ಟರ್ ಬರಲಿಲ್ಲ. ಎರಡು ಪಾಳಿ ಒಟ್ಟಿಗೆ ಬಿತ್ತಂತೆ, ಫೋನ್ ಮಾಡಿದ್ದರು. ಎಂಟರಿಂದ ಒಂಬತ್ತರವರೆಗೆ ಗಾಡಿ ತೊಳೆದೆ. ಬೇಸಿಕಲಿ ಏನೇನೋ ಮಾತಾಡಿದ. ಕೇಳಿಸಿಕೊಳ್ಳಲಿಲ್ಲ.

ಜೂನ್ 18, ಬುಧವಾರ

ಇವತ್ತೂ ಇಲ್ಲ.

ಜೂನ್ 20, ಶುಕ್ರವಾರ

ಬಂದರು! ಕಣ್ಣು ಕೆಂಪಗಿದ್ದವು, ಆದರೂ ಬಂದರು. ಮಾರುಕಟ್ಟೆ ರಸ್ತೆಯಲ್ಲಿ ತಳ್ಳುಗಾಡಿಗಳ ನಡುವೆ ಹೋಗಿ, ಸೇತುವೆಯ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿ, ಒಂದು ಸಲವೂ ಆಫ್ ಆಗದೆ ವಾಪಸು ಬಂದೆವು. ಇಳಿಯುವಾಗ ಒಳ್ಳೆಯ ಸುದ್ದಿ ಹೇಳಿದರು. ಮೂರು ಗಂಟೆ ದೂರದ ಇನ್ನೊಂದು ಊರಿನಲ್ಲಿ ಕೆಲಸ ಸಿಕ್ಕಿದೆ, ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡುವ ಕೆಲಸ. ಕಾರು ಅವರೇ ಕೊಡುತ್ತಾರೆ. ಲೈಸೆನ್ಸ್ ಇರಬೇಕು, ಅದೊಂದೇ ಷರತ್ತು. ಪರೀಕ್ಷೆ ಪಾಸಾದ ವಾರವೇ ಹೊರಡಬಹುದು.

ಒಳ್ಳೆಯದಾಯಿತು ಎಂದೆ.

ಊಟ ಸೇರಲಿಲ್ಲ. ಪಲ್ಯ ಹಳಸಿತ್ತೇನೋ.

ಜೂನ್ 24, ಮಂಗಳವಾರ

ಮಾಲೀಕರಿಗೆ ಖುಷಿಯಾಗಿದೆ. "ನನ್ನ ಪ್ರಕಾರ ನೀವು ಬದಲಾಗಿದ್ದೀರಿ, ಮೂರು ವಾರದಿಂದ ಒಂದೂ ದೂರಿಲ್ಲ." ಬೇಸಿಕಲಿಯೂ ಅದನ್ನೇ ಅಂದ. "ಮೊದಲು 'ನೀನು ತಪ್ಪು ಮಾಡ್ದೆ' ಅಂತಿದ್ರಿ ಸಾರ್. ಈಗ ಬೇಸಿಕಲಿ 'ನಾವು ತಪ್ಪು ಮಾಡಿದ್ವಿ' ಅಂತೀರಿ." ನಾನೆಲ್ಲಿ ಹಾಗೆ ಹೇಳುತ್ತೇನೆ? ಹುಡುಗನಿಗೆ ಕಿವಿ ಸರಿಯಿಲ್ಲ.

ಗ್ಯಾರೇಜಿನವನು ಗಾಡಿ ಸರ್ವೀಸ್ ಮಾಡಿ ತಂದುಕೊಟ್ಟ. ಕಲಿಸುವ ಗಾಡಿಯಲ್ಲಿ ನನ್ನ ಕಾಲಬುಡದಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ, ಅನಾಹುತವಾಗದಿರಲಿ ಎಂದು. ನನ್ನ ಕಡೆಯ ಆ ಬ್ರೇಕ್ ಪೆಡಲಿನ ರಬ್ಬರ್ ಪೂರ್ತಿ ಸವೆದುಹೋಗಿದೆಯಂತೆ. "ಅವ್ರು ಓಡಿಸ್ತಾರೋ ನೀವು ಓಡಿಸ್ತೀರೋ ಮೇಷ್ಟ್ರೇ?" ಎಂದು ಹಲ್ಲುಕಿರಿದ. ಹಳೆಯ ಗಾಡಿ, ರಬ್ಬರ್ ಸವೆಯದೆ ಇನ್ನೇನು ಮಾಡೀತು. ಹೊಸದು ಹಾಕಿಸಿದೆ.

ಜೂನ್ 30, ಸೋಮವಾರ

ನಾವು ಇವತ್ತು ಊರಾಚೆಯ ದೊಡ್ಡ ರಸ್ತೆಗೆ ಹೋಗಿದ್ದೆವು. ಪಾಠದ ಪಟ್ಟಿಯಲ್ಲಿ ಅದು ಇರಲಿಲ್ಲ. ಸಿಸ್ಟರ್ ಕಿಟಕಿ ಇಳಿಸಿದರು, ಕೂದಲು ಹಾರಿ ಕಣ್ಣಿಗೆ ಬಿತ್ತು, ಊದಿ ಪಕ್ಕಕ್ಕೆ ಸರಿಸಿಕೊಂಡರು. ಅಮ್ಮನ ಮಾತು ಹೇಳಿದರು. ಒಂಬತ್ತು ವರ್ಷ ಹಾಸಿಗೆಯಲ್ಲಿದ್ದು ಹೋದ ವರ್ಷ ತೀರಿಕೊಂಡರಂತೆ. ಆಸ್ಪತ್ರೆಯಲ್ಲಿ ರೋಗಿಗಳು, ಮನೆಗೆ ಬಂದರೆ ಅಮ್ಮ. ಮದುವೆಯ ಮಾತು ಎರಡು ಮೂರು ಸಲ ಬಂದು ಹೋಯಿತು, ಅಮ್ಮನನ್ನು ಯಾರ ಕೈಗೆ ಕೊಡುವುದು?

ನಾನು ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು "ಇಂಡಿಕೇಟರ್ ಹಾಕಿ" ಎಂಬುದು. ಇಂಡಿಕೇಟರ್ ಹಾಕಲು ಅಲ್ಲಿ ತಿರುವೇ ಇರಲಿಲ್ಲ.

"ಎಲ್ಲಿಗೆ ತಿರುಗೋಣ ಸಾರ್ ನಾವು?" ಎಂದು ಕೇಳಿದರು.

ಎಲ್ಲಿಗಾದರೂ ಎನ್ನಬೇಕೆಂದು ಆಸೆಯಾಯಿತು. ವಾಪಸು ತಿರುಗಿಸಿ ಎಂದೆ.

ಜುಲೈ 3, ಗುರುವಾರ

ಅಕ್ಕ ಫೋನ್ ಮಾಡಿ, ಎಂದಿಲ್ಲದ ಹಾಗೆ ನೇರವಾಗಿ ಕೇಳಿದಳು. "ಅವ್ರಿಗೆ ಹೇಳಿದ್ಯಾ?"

"ಯಾರಿಗೆ, ಏನನ್ನ?"

"ಮೊದಲು ಆ ಸಿಸ್ಟರ್ ಅನ್ನೋದನ್ನ ಬಿಡು ಮಾರಾಯ. ಆಮೇಲೆ ಉಳಿದದ್ದು."

ನಗು ಬಂತು, ಸಿಟ್ಟು ಬರಬೇಕಿತ್ತು. ನನಗೆ ವಯಸ್ಸು ಐವತ್ತೆರಡು ಎಂದು ನೆನಪಿಸಿದೆ. ನೆನಪಿಸಬೇಕಾದದ್ದು ನಿನಗೆ, ನನಗಲ್ಲ ಎಂದಳು.

ಮೇಲಿನ ಕಪಾಟಿನ ತಟ್ಟೆ ಲೋಟಗಳನ್ನು ಇಳಿಸಿ ತೊಳೆದಿಟ್ಟೆ. ಧೂಳು ಹಿಡಿದಿದ್ದವು, ಬೇರೆ ಕಾರಣವಿಲ್ಲ.

ಜುಲೈ 11, ಶುಕ್ರವಾರ

ಸಿಸ್ಟರ್ ಪರೀಕ್ಷೆಯಲ್ಲಿ ಫೇಲ್.

ಪರೀಕ್ಷೆಯ ದಿನ ಮೇಷ್ಟ್ರು ಕೆಳಗಿಳಿದು ಬೇಲಿಯ ಆಚೆ ನಿಲ್ಲಬೇಕು. ನನ್ನ ಸೀಟಿನಲ್ಲಿ ಇನ್‌ಸ್ಪೆಕ್ಟರ್ ಕೂತರು, ಕಾಲು ಚಾಚಿ, ಕೈಯಲ್ಲಿ ಕಾಗದ ಹಿಡಿದು. ಎಂಟರ ಆಕಾರ ಚೆನ್ನಾಗಿ ಬಂತು. ರಿವರ್ಸ್ ಚೆನ್ನಾಗಿ ಬಂತು. ಕೊನೆಗೆ ನಿಲ್ಲುವ ಬಿಳಿ ಗೆರೆ. ಗಾಡಿ ಗೆರೆಯ ಬಳಿ ನಿಧಾನವಾಯಿತು, ನಿಲ್ಲಲಿಲ್ಲ, ಗೆರೆ ದಾಟಿ ಹೋಗಿ ಕೊನೆಯ ಕಂಬಕ್ಕೆ ಮೂಗು ತಾಗಿಸಿ ನಿಂತಿತು. ಪೆಟ್ಟೇನೂ ಆಗಲಿಲ್ಲ.

ಸಿಸ್ಟರ್ ಇಳಿದು ಬೇಲಿಯ ಬಳಿ ಬಂದರು. "ಒತ್ತಿದೆ ಸಾರ್. ದಿನಾ ಒತ್ತೋ ಹಾಗೇ ಒತ್ತಿದೆ. ದಿನಾ ನಿಲ್ತಿತ್ತಲ್ಲ? ನಮ್ಮ ಗಾಡೀನೇ ಅಲ್ವಾ ಇದು?"

ನಮ್ಮ ಗಾಡಿಯೇ. ದಿನವೂ ನಿಲ್ಲುತ್ತಿತ್ತು, ಏಕೆಂದರೆ ದಿನವೂ ನಾನು ಒತ್ತುತ್ತಿದ್ದೆ. ಬೇಲಿಯ ಆಚೆ ನಿಂತಾಗ ಅವರು ಗೆರೆ ಸಮೀಪಿಸುತ್ತಿದ್ದಂತೆ ನನ್ನ ಪಾದ ಚಪ್ಪಲಿಯೊಳಗೆ ತಾನಾಗಿ ಬಾಗಿತು. ಆಗ ಗೊತ್ತಾಯಿತು. ಅವರು ಮುಟ್ಟಿದರೆ ಸಾಕು, ಉಳಿದದ್ದು ನನ್ನ ಕಾಲು ಮಾಡುತ್ತಿತ್ತು. ಅವರಿಗೆ ಬ್ರೇಕ್ ಒತ್ತಲು ಬರುವುದೇ ಇಲ್ಲ. ಇಪ್ಪತ್ತೈದು ವರ್ಷ ಕಲಿಸಿದ್ದೇನೆ, ಬೇರೆ ಯಾರಿಗೂ ಹೀಗೆ ಮಾಡಿದವನಲ್ಲ.

ಬೇಕೆಂದು ಮಾಡಿದೆನೇ? ಇಲ್ಲ. ಆದರೆ ಫೇಲ್ ಎಂದು ಇನ್‌ಸ್ಪೆಕ್ಟರ್ ಬರೆದಾಗ ನನಗೆ ಸಂತೋಷವಾಯಿತು. ಇನ್ನೊಂದು ತಿಂಗಳು ಬರುತ್ತಾರೆ ಎಂದು. ಇದನ್ನು ಬರೆದಾದ ಮೇಲೆ ಹೊಡೆದುಹಾಕಬೇಕೆಂದು ಪೆನ್ನು ಎತ್ತಿದೆ. ಇರಲಿ, ಇದ್ದದ್ದು ಇದ್ದ ಹಾಗೆ ಇರಲಿ.

ಜುಲೈ 14, ಸೋಮವಾರ

ಹೇಳಲಿಲ್ಲ. ಏರಿನ ಅಭ್ಯಾಸ ಮಾಡಿದೆವು. ಪಾಪ, ತಪ್ಪು ತನ್ನದೆಂದು ನೂರು ಸಲ ಕ್ಷಮೆ ಕೇಳಿದರು.

ಜುಲೈ 16, ಬುಧವಾರ

ಇವತ್ತು ಹೇಳಿದೆ. ಶಾಲೆಯ ಮುಂದಿನ ದಾರಿಯಲ್ಲಿ ಒಂದು ಮಗು ಚೆಂಡಿನ ಹಿಂದೆ ಓಡಿ ಅಡ್ಡ ಬಂತು. ಗಾಡಿ ನಿಂತಿತು. ನಿಲ್ಲಿಸಿದ್ದು ನನ್ನ ಕಾಲು. ಅವರು "ನಾವು ಬಚಾವಾದ್ವಿ" ಎಂದು ಎದೆ ಹಿಡಿದುಕೊಂಡು ನಕ್ಕರು. ಮುಂದೆ ಇನ್ನೊಂದು ಊರಿನಲ್ಲಿ, ಇನ್ನೊಂದು ಮಗು, ಪಕ್ಕದ ಸೀಟಿನಲ್ಲಿ ನನ್ನ ಬದಲು ಬರೀ ಔಷಧಿ ಚೀಲ.

ರಸ್ತೆಬದಿಗೆ ನಿಲ್ಲಿಸಿ ಎಂದು ಎಲ್ಲ ಹೇಳಿದೆ. ಅವರು ಬಗ್ಗಿ ನನ್ನ ಕಾಲಬುಡದ ಪೆಡಲನ್ನು ನೋಡಿದರು.

"ಅಂದ್ರೆ ಇಷ್ಟು ದಿನ ನಾನು ನಿಲ್ಲಿಸ್ತಾನೇ ಇರ್ಲಿಲ್ಲ."

"ಇಲ್ಲ."

"ನೀವು ಹೊಗಳಿದ್ರಿ ನನ್ನ. ಕೈ ಒಳ್ಳೇದು, ಬ್ರೇಕ್ ಮೃದು ಅಂತ. ನಾನು ಅದನ್ನ ವಾರ್ಡಲ್ಲೆಲ್ಲ ಹೇಳ್ಕೊಂಡು ಬಂದೆ." ಎಂಜಿನ್ ಆಫ್ ಮಾಡಿದರು. "ಯಾಕೆ ಹಾಗೆ ಮಾಡಿದ್ರಿ?"

ಕಾಲು ತಾನಾಗಿ ಹೋಗುತ್ತಿತ್ತು ಎಂದೆ.

"ನಾಳೆಯಿಂದ ನೀವು ಕಾಲು ಮೇಲಿಟ್ಕೊಂಡು ಕೂತ್ಕೊಳ್ಳಿ," ಎಂದರು. "ನಾನು ಕಲೀಬೇಕು." ನಾವು ಎನ್ನಲಿಲ್ಲ.

ಜುಲೈ 25, ಶುಕ್ರವಾರ

ದಿನವೂ ಚಪ್ಪಲಿ ಬಿಚ್ಚಿ, ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತೇನೆ, ಪಂಕ್ತಿಗೆ ಕೂತವನ ಹಾಗೆ. ನೋಡಿದವರೆಲ್ಲ ನಗುತ್ತಾರೆ. ಬೇಸಿಕಲಿ ಫೋಟೋ ತೆಗೆದ. ಮೊದಲ ದಿನ ಅವರು ಬ್ರೇಕ್ ಹಾಕಿದ ರಭಸಕ್ಕೆ ನನ್ನ ಹಣೆ ಮುಂದೆ ಬಡಿದು ಬುಗುಟೆ ಎದ್ದಿತು. ಮನೆಗೆ ಹೋಗಿ ಐಸ್ ಇಡಿ ಎಂದರು, 'ನಾವು ಐಸ್ ಇಡೋಣ' ಎನ್ನುವ ವಾರ್ಡಿನ ಧ್ವನಿಯಲ್ಲಲ್ಲ.

ಈಗ ಅವರು "ನಾನು ಎಡಕ್ಕೆ ತಗೋತೀನಿ," "ನಾನು ನಿಲ್ಲಿಸ್ತೀನಿ" ಎನ್ನುತ್ತಾರೆ. ಹಿತಮಿತವಾದ, ಒಂದು ಪದ ಹೆಚ್ಚಿಲ್ಲದ ಮಾತು. ನಾನು ಜೀವಮಾನವಿಡೀ ಜನ ಹೀಗೆ ಮಾತಾಡಲಿ ಎಂದು ಹಂಬಲಿಸಿದವನು. ಪಕ್ಕದಲ್ಲಿ ಕಾಲು ಮಡಿಸಿಕೊಂಡು ಕೂತು, ಒಂದೇ ಒಂದು ಸಲ ಆ ಹಾಳು ನಾವು ಬಾಯಿ ತಪ್ಪಿ ಬರಲಿ ಎಂದು ಕಿವಿ ಕೊಟ್ಟು ಕಾಯುತ್ತೇನೆ.

ಬ್ರೇಕ್ ಮಾತ್ರ ಚೆನ್ನಾಗಿ ಕೂತಿದೆ. ಅವರದೇ ಬ್ರೇಕ್.

ಆಗಸ್ಟ್ 4, ಸೋಮವಾರ

ಪಾಸ್. ಗೆರೆಯ ಮೇಲೆ ಕೂದಲೆಳೆ ಆಚೀಚೆಯಿಲ್ಲದೆ ನಿಲ್ಲಿಸಿದರು. ಬೇಲಿಯ ಆಚೆ ನಿಂತು ನಾನು ಚಪ್ಪಾಳೆ ತಟ್ಟಿದೆ, ಇನ್‌ಸ್ಪೆಕ್ಟರ್ ತಿರುಗಿ ನೋಡಿದರು.

ಮೈದಾನದಾಚೆಯ ಕಲ್ಲುಬೆಂಚಿನ ಮೇಲೆ ಕೂತು ಚಹಾ ಕುಡಿದೆವು. ಅವರ ಸಿಟ್ಟು ಇಳಿದಿತ್ತು. ಈಗ ಹೇಳದಿದ್ದರೆ ಎಂದೂ ಇಲ್ಲ ಎಂದು ಬಾಯಿ ತೆರೆದೆ. ರಾತ್ರಿಯೆಲ್ಲ ಒಂದು ಚೊಕ್ಕ ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಹೊರಬಂದದ್ದು ಇದು: "ಏನಂದ್ರೆ ಸಿಸ್ಟರ್... ಅಂದ್ರೆ, ನನ್ನ ಪ್ರಕಾರ... ಬೇಸಿಕಲಿ, ಒಂದ್ನಿಮಿಷ... ನಾನು ಒಬ್ಬನೇ ಇರೋದು, ಆ ಥರ... ನೀವು ಹೋಗ್ಬಿಟ್ರೆ ಎಂಟು ಗಂಟೆ... ಅಯ್ಯೋ ದೇವರೇ."

ಅವರು ನಗಲಿಲ್ಲ. ಲೋಟ ಪಕ್ಕಕ್ಕಿಟ್ಟು, ಪೂರ್ತಿ ಕೇಳಿಸಿಕೊಂಡರು, ರೋಗಿಯ ನಾಡಿ ಹಿಡಿದಾಗ ಕೇಳಿಸಿಕೊಳ್ಳುವ ಹಾಗೆ.

"ಗೊತ್ತಿತ್ತು ಸಾರ್. ಆ ಪೆಡಲ್ ನೋಡಿದ ದಿನಾನೇ ಗೊತ್ತಾಯ್ತು. ಅದಕ್ಕೇ ಅಷ್ಟು ಸಿಟ್ಟು ಬಂದದ್ದು." ಪಕ್ಕಕ್ಕಿಟ್ಟ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. "ನಿಮಗೆ ನಾವು ಅಂದ್ರೆ ಕಿರಿಕಿರಿ. ನನಗೆ ಅದಕ್ಕಿಂತ ಜಾಸ್ತಿ ಸಾರ್. ವಾರ್ಡಲ್ಲಿ ನಾವು, ಮನೇಲಿ ಅಮ್ಮನ ಹತ್ರ ನಾವು. ನಾವು ತಿನ್ನೋಣ, ನಾವು ಮಲಗೋಣ. ನಾನು ಅನ್ನೋದೇ ಮರ್ತುಹೋಗಿತ್ತು. ನೀವು ಕಾಲು ತೆಗೆದ ಮೇಲೆ ಮೊದಲನೇ ಸಲ ಗಾಡಿ ನಿಲ್ಲಿಸಿದೆನಲ್ಲ, ಆವತ್ತು ಮನೆಗೆ ಹೋಗಿ ಅತ್ತುಬಿಟ್ಟೆ, ಖುಷಿಗೆ. ನೀವು ಒಳ್ಳೆಯವರು. ಆದ್ರೆ ಈ ಸಲ ನಾನೊಬ್ಬಳೇ ಹೋಗ್ಬೇಕು."

ಆಯಿತು ಎಂದೆ. ಅವರ ಮಾತಿನಲ್ಲಿ ತಿದ್ದಲು ಏನೂ ಇರಲಿಲ್ಲ.

ಆಗಸ್ಟ್ 5, ಮಂಗಳವಾರ

ಅಕ್ಕ ಬಂದು ಏನೂ ಕೇಳದೆ ಅನ್ನ ಮಾಡಿ ಬಡಿಸಿ ಹೋದಳು. ತಟ್ಟೆಗಳನ್ನು ವಾಪಸು ಮೇಲೆ ಇಡುತ್ತಾಳೇನೋ ಎಂದು ನೋಡಿದೆ. ಇಡಲಿಲ್ಲ.

ಆಗಸ್ಟ್ 10, ಭಾನುವಾರ

ಬೆಳಿಗ್ಗೆ ಸ್ಕೂಲಿನ ಗೇಟಿನ ಮುಂದೆ ಒಂದು ಪುಟ್ಟ ಬಿಳಿ ಕಾರು ಬಂದು ನಿಂತಿತು. ಹೊಸ ಕೆಲಸದವರು ಕೊಟ್ಟದ್ದು. ಹಿಂದಿನ ಸೀಟಿನಲ್ಲಿ ಎರಡು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ, ಒಂದು ಕುಕ್ಕರ್. ಪಕ್ಕದ ಸೀಟು ಖಾಲಿ. ಕಿಟಕಿಯಿಂದ ಒಳಗೆ ಬಗ್ಗಿ ನೋಡಿದೆ. ಆ ಕಡೆ ಪೆಡಲ್ ಇಲ್ಲ, ಬರೀ ಮ್ಯಾಟು.

"ಟೈರಿನ ಗಾಳಿ ನೋಡಿಸಿದ್ರಾ?"

"ನೋಡಿಸಿದೆ."

"ಮಧ್ಯೆ ಎಲ್ಲಾದ್ರೂ ನಿಲ್ಲಿಸಿ ನೀರು ಕುಡೀರಿ."

"ಕುಡೀತೀನಿ ಸಾರ್." ಹಣೆಯ ಬುಗುಟೆ ಇದ್ದ ಜಾಗವನ್ನು ನೋಡಿ "ಪೂರ್ತಿ ಇಳಿದಿದೆ," ಎಂದರು.

ಆಮೇಲೆ ಹೊರಟರು. ಗೇರ್ ಬದಲಾದ ಸದ್ದು ಕೇಳಿಸಿತು, ನಯವಾಗಿ. ತಿರುವಿನಲ್ಲಿ ಒಬ್ಬ ಮುದುಕರು ರಸ್ತೆ ದಾಟುತ್ತಿದ್ದರು. ಹಿಂದಿನ ಕೆಂಪು ದೀಪಗಳು ಹೊತ್ತಿದವು, ಗಾಡಿ ನಿಂತಿತು, ಮುದುಕರು ಆಚೆ ಸೇರುವವರೆಗೂ ಅಲ್ಲಾಡದೆ ನಿಂತಿತ್ತು. ಬಲು ಚೆನ್ನಾಗಿ ನಿಲ್ಲಿಸಿದರು. ಆ ಹೊತ್ತಿನಲ್ಲಿ ಒಂದು ಸಲ ತಿರುಗಿ ನೋಡಲಿ ಎಂದು ದೇವರನ್ನು ಬೇಡಿಕೊಂಡಷ್ಟು ಬೇಡಿಕೊಂಡೆ. ತಿರುಗಲಿಲ್ಲ. ಓಡಿಸುವಾಗ ಹಿಂದೆ ತಿರುಗಬೇಡಿ, ಕನ್ನಡಿಯಲ್ಲಿ ನೋಡಿ ಎಂದು ಕಲಿಸಿದವನು ನಾನೇ. ಕನ್ನಡಿಯಲ್ಲಿ ನೋಡಿದರೋ ಇಲ್ಲವೋ, ನಾನು ನಿಂತಿದ್ದ ಕಡೆಯಿಂದ ಕಾಣಿಸಲಿಲ್ಲ.